ಟೀಚರಮ್ಮನ ಕಾರು ತಿಪ್ಪೆಗೆ ನುಗ್ಗಿದ್ದು

ನನಗಾಗ ಅರವತ್ತಾರು. ಈಗ್ಗೆ ಮೂರು ವರ್ಷದ ಮಾತು. ಒಂದು ಸೋಮವಾರ ಬೆಳಿಗ್ಗೆ ನನ್ನ ಸೊಸೆ ಸುಧಾಳ ಕಾರು ಸೀದಾ ಹೋಗಿ ಪುಟ್ಟತಾಯಮ್ಮನ ತಿಪ್ಪೆಯೊಳಗೆ ಮೂತಿ ಇಟ್ಟಿತು. ಬಾನೆಟ್ಟಿನ ತನಕ ಗೊಬ್ಬರ. ಒಳಗೆ ಸೊಸೆ, ಹೊರಗೆ ಊರು.

ಯಾರಿಗೂ ಏನೂ ಆಗಲಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. (ನೀವು ಎದೆ ಹಿಡಕೊಂಡು ಓದೋದು ಬೇಡ.)

ಕಾರು ತಿಪ್ಪೆಗೆ ಯಾಕೆ ಹೋಯಿತು ಅಂತ ಹೇಳಬೇಕಾದರೆ ಮೊದಲು ನಮ್ಮ ಹಿತ್ತಲ ಕೊಳಾಯಿ ಕಥೆ ಹೇಳಬೇಕು.

ಆ ಕೊಳಾಯಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಒಂದು ವಾಶರ್ ಹಾಕಿದರೆ ಮುಗಿಯಿತು. ನನ್ನ ಮಗ ಲೋಕೇಶ ಏನು ಮಾಡಿದ? ಕೆಳಗೆ ಬಕೆಟ್ ಇಟ್ಟ. ಅದು ತುಂಬಿತು, ದೊಡ್ಡ ಬಕೆಟ್ ಇಟ್ಟ. ಅದೂ ತುಂಬಿತು, ಕೊಳಾಯಿಗೆ ಹಳೇ ಬನಿಯನ್ ಸುತ್ತಿದ. ಇದಕ್ಕೆ ಅವನು ರಿಪೇರಿ ಅಂತಾನೆ.

ಬಚ್ಚಲ ಬಾಗಿಲ ಚಿಲಕ ಕಿತ್ತು ಬಂದು ಒಂದು ಯುಗಾದಿ ಹೋಗಿ ಇನ್ನೊಂದು ಯುಗಾದಿ ಬಂದಿತ್ತು. ಒಳಗೆ ಇದ್ದೀವಿ ಅಂತ ಗೊತ್ತಾಗೋಕೆ ಹಾಡು ಹೇಳಿಕೊಂಡೇ ಸ್ನಾನ ಮಾಡಬೇಕು. (ನನಗೆ ಬರೋದು ಸೋಬಾನೆ ಪದ ಮಾತ್ರ. ನಮ್ಮ ಬಚ್ಚಲಲ್ಲಿ ದಿನಾ ಮದುವೆ.)

ಕೇಳಿದರೆ ಒಂದೇ ಉತ್ತರ. "ಭಾನ್ವಾರ ನೋಡಾನ ಬುಡವ್ವ."

ಆ ಭಾನುವಾರ ಯಾವ ಕ್ಯಾಲೆಂಡರಿನಲ್ಲಿದೆ? ನಮ್ಮನೆ ಗೋಡೆ ಮೇಲಿನದರಲ್ಲಂತೂ ಇಲ್ಲ. ನಿಮ್ಮನೆಯದರಲ್ಲಿ ಇದ್ದರೆ ನೋಡಿ ಹೇಳಿ.

ಅವರಪ್ಪ ಹಿಂಗಿರಲಿಲ್ಲ. ಬೇರೆ ವಿಷಯಕ್ಕೆ ಅವರನ್ನ ಹೊಗಳಲ್ಲ ನಾನು. ಸತ್ತರು ಅಂತ ಸುಳ್ಳು ಹೇಳೋಕಾಗುತ್ತಾ? ಆದರೆ ಎತ್ತಿನ ಗಾಡಿ ವಿಷಯದಲ್ಲಿ ಮನುಷ್ಯ ಬಲು ಕಟ್ಟುನಿಟ್ಟು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಬಿದಿರ ಗೊಟ್ಟದಲ್ಲಿ ತುಂಬಿ, ಗಾಡಿ ಕೆಳಗೆ ನೇತು ಹಾಕಿರೋರು. ಅದೇ ಕೀಲೆಣ್ಣೆ. ಅಚ್ಚಿಗೆ ಅದನ್ನ ಬಳಿಯದೆ ಗಾಡಿ ಕಟ್ಟುತ್ತಿರಲಿಲ್ಲ.

ನಮ್ಮ ಕಡೆ ಗಾಡಿ ಕಿರುಗುಟ್ಟಿಕೊಂಡು ಊರೊಳಗೆ ಬಂದರೆ ಆ ಮನೆಯಲ್ಲಿ ಎಣ್ಣೆಗೂ ಗತಿ ಇಲ್ಲ ಅಂತ ಅರ್ಥ. ಹೆಣ್ಣು ಕೊಡೋರು ಗಾಡಿ ಸದ್ದು ಕೇಳಿ ಕೊಡ್ತಿದ್ದರು. (ನಮ್ಮಪ್ಪನೂ ಹಂಗೇ ಕೊಟ್ಟಿದ್ದು. ಗಾಡಿ ಸದ್ದು ಮಾಡಲಿಲ್ಲ. ಗಂಡು ಗೊರಕೆ ಹೊಡೀತದೆ ಅಂತ ಯಾರೂ ಹೇಳಲಿಲ್ಲ.)

ಅವರಿಂದ ನಾನು ಕಲಿತ ವಿದ್ಯೆ ಇಷ್ಟೇ. ಕಿರುಗುಟ್ಟಿದ್ದಕ್ಕೆ ಎಣ್ಣೆ ಬಿಡು. ಬಾಗಿಲು, ತೊಟ್ಟಿಲು, ಬಾವಿ ರಾಟೆ, ಹೊಲಿಗೆ ಮಿಶನ್ನು, ಕಬ್ಬಿಣದ ಮಂಚ. ಹರಳು ಹುರಿದು, ಕುಟ್ಟಿ, ಬೇಯಿಸಿ ನಾನೇ ಎಣ್ಣೆ ತೆಗೀತೀನಿ. ಊರ ಹೆಂಗಸರು ಕೂಸಿನ ನೆತ್ತಿಗೂ ನನ್ನ ಹತ್ತಿರವೇ ಎಣ್ಣೆ ಒಯ್ಯೋದು, ಗೇಟಿನ ಕೀಲಿಗೂ ನನ್ನ ಹತ್ತಿರವೇ. ಜೊತೆಗೆ ಬುದ್ಧಿಮಾತು ಫ್ರೀ.

ಈಗ ಕಾರಿಗೆ ಬರ್ತೀನಿ.

ಸುಧಾ ಅರಕಲಗೂಡಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮೂರು ಮಲ್ಲಿಪಟ್ಟಣದ ಕಡೆ. ಬೆಳಿಗ್ಗೆ ಒಂದೇ ಬಸ್ಸು. ಅದು ತಪ್ಪಿದರೆ ಆಟೋ, ಆಟೋನೂ ತಪ್ಪಿದರೆ ಹೆಡ್‌ಮಾಸ್ಟರ ಮುಖ. ಸಾಕಾಗಿ ತನ್ನ ಸಂಬಳದಲ್ಲೇ ಸೆಕೆಂಡ್‌ಹ್ಯಾಂಡ್ ಕಾರು ತಗೊಂಡಳು. ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿದಳು. ನಮ್ಮೂರಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ಅವಳೇ. ಲೋಕೇಶನಿಗೆ ಒಳಗೊಳಗೇ ಉರಿ. ಅವನಿಗೆ ಟ್ರಾಕ್ಟರ್ ಬರುತ್ತೆ, ಕಾರು ರಿವರ್ಸ್ ತೆಗೆಯೋಕೆ ಬರಲ್ಲ. ಅವಳಿಗೆ ಬರುತ್ತೆ.

ಒಂದಷ್ಟು ದಿನ ಆದ ಮೇಲೆ ಬ್ರೇಕು ಕೂಗೋಕೆ ಶುರು ಮಾಡಿತು. ನಮ್ಮ ಬೀದಿ ಇಳಿಜಾರು. ಕೆಳಗೆ ತಿರುವಿನಲ್ಲಿ ಹಾಲಿನ ಡೈರಿ, ಅದರ ಪಕ್ಕಕ್ಕೆ ಪುಟ್ಟತಾಯಮ್ಮನ ತಿಪ್ಪೆ. ಅಲ್ಲಿ ಬ್ರೇಕ್ ತುಳಿದರೆ ಕೀಂ... ಅಂತ ಎಂಥಾ ಕೂಗು ಅಂದರೆ, ನಾಯಿಗಳು ಎದ್ದು ಉತ್ತರ ಕೊಡ್ತಿದ್ದವು. ಡೈರಿ ಕಟ್ಟೆ ಮೇಲೆ ಕೂರೋ ಚಂದ್ರೇಗೌಡನಿಗೆ ದಿನಾ ಹಬ್ಬ.

"ಟೀಚರಮ್ಮ ಬ್ರೇಕಾಕುದ್ಲು ಕಣ್ಲಾ. ಏಳೂವರೆ ಆಯ್ತು, ವಾಚ್ ಸರಿ ಮಾಡ್ಕಳಿ."

ಸುಧಾ ಗಂಡನಿಗೆ ಹೇಳಿದಳು. "ರೀ, ಬ್ರೇಕ್ ಒಂದ್ಸಲ ತೋರಿಸ್ಕೊಂಡು ಬನ್ನಿ."

"ಭಾನ್ವಾರ ನೋಡಾನ."

"ಹಂಗಾದ್ರೆ ನಾನೇ ಹಾಸನಕ್ಕೆ ತಗೊಂಡು ಹೋಗ್ತೀನಿ."

"ಹೆಂಗಸ್ರು ಗ್ಯಾರೇಜ್ಗೆ ಓದ್ರೆ ಅಲ್ಲಿನೋರು ಇಲ್ಲದ್ದೆಲ್ಲ ಹೇಳ್ತರೆ. ಇರು, ನಾನೇ ಓಯ್ತೀನಿ."

ಹೋಗಲಿಲ್ಲ. ಕಾರಿನ ಜೊತೆ ಒಂದು ಪುಸ್ತಕ ಬಂದಿತ್ತು, ಏನೇನು ಯಾವಾಗ ಮಾಡಿಸಬೇಕು ಅಂತ ಅದರಲ್ಲಿ ಬರೆದಿದೆಯಂತೆ. ನಾನು ಮೂರನೇ ಕ್ಲಾಸು, ಅದು ಇಂಗ್ಲಿಷು, ನನಗೆ ಓದೋಕೆ ಬರಲ್ಲ. ಲೋಕೇಶನಿಗೆ ಓದೋಕೆ ಬರುತ್ತೆ. ಅವನು ಅದನ್ನ ಟಿವಿ ಸ್ಟ್ಯಾಂಡಿನ ಕಾಲಿಗೆ ಒತ್ತು ಕೊಟ್ಟಿದ್ದ.

ಒಂದು ಭಾನುವಾರ ಹೊಳೆನರಸೀಪುರದಲ್ಲಿ ನೆಂಟರ ಮದುವೆ. ಗಂಡ ಹೆಂಡತಿ ಬಸ್ಸಿನಲ್ಲಿ ಹೊರಟರು. ಕಾರು ಇಟ್ಟುಕೊಂಡು ಬಸ್ಸು ಯಾಕೆ ಅಂದೆ. "ಛತ್ರದ ಮುಂದೆ ಅದು ಕೂಗುದ್ರೆ ಮಾನ ಓಯ್ತದೆ ಕಣವ್ವ" ಅಂದ ಲೋಕೇಶ.

ನನಗೆ ತಡೆಯಲಿಲ್ಲ. ಈ ಮನೆ ಗಾಡಿ ಕೂಗುತ್ತೆ ಅಂತ ನೆಂಟರ ಮನೆಗೆ ಹೆದರಿಕೊಂಡು ಹೋಗೋದಾ?

ಅವರ ಬಸ್ಸು ಹೋದದ್ದೇ ತಡ, ಎಣ್ಣೆ ಗಿಂಡಿ ತಂದೆ. ಚಕ್ರದ ತೂತಿನಲ್ಲಿ ಇಣುಕಿದೆ. ಒಳಗೆ ತಟ್ಟೆ ಹಂಗೆ ಒಂದು ಕಬ್ಬಿಣ, ಪಳಪಳ ಅಂತ ಹೊಳೀತಿದೆ. ಓಹೋ, ಪೂರಾ ಒಣಗಿದೆ ಅಂದುಕೊಂಡೆ. ಮುಂದಿನ ಎರಡೂ ಚಕ್ರಕ್ಕೆ ಧಾರಾಳವಾಗಿ ಬಿಟ್ಟೆ. ಕೋಳಿ ಪುಕ್ಕ ತಗೊಂಡು ಸಂದಿಗೊಂದಿಗೆಲ್ಲ ಸವರಿದೆ. ಹಿಂದಿನ ಚಕ್ರದಲ್ಲಿ ಎಲ್ಲ ಮುಚ್ಚಿಕೊಂಡಿತ್ತು. ಎಲ್ಲಿ ಬಿಡಬೇಕು ಗೊತ್ತಾಗಲಿಲ್ಲ, ಹಂಗೇ ಬಿಟ್ಟೆ. (ಗೊತ್ತಾಗದೇ ಇದ್ದದ್ದೇ ಪುಣ್ಯ.)

ಸೋಮವಾರ ಬೆಳಿಗ್ಗೆ ಸುಧಾ ಕಾರು ತೆಗೆದಳು. ನಾನು ಬಾಗಿಲಲ್ಲಿ ನಿಂತೆ. ಯಾರಿಗೂ ಹೇಳಿರಲಿಲ್ಲ, ತಾವಾಗೇ ಕಂಡುಕೊಂಡು ಹೊಗಳಲಿ ಅಂತ. ಕಾರು ಇಳಿಜಾರು ಇಳಿಯಿತು. ತಿರುವು ಬಂತು. ಕಿವಿ ಕೊಟ್ಟೆ. ಕೀಂ ಇಲ್ಲ. ನಾಯಿ ಬೊಗಳಲಿಲ್ಲ. ನೋಡಿದ್ಯಾ, ಅಷ್ಟು ದಿನದ ಕಾಯಿಲೆ, ಒಂದು ಗಿಂಡಿ ಎಣ್ಣೆ! ಬೀಗಿಕೊಂಡು ಒಳಗೆ ತಿರುಗಿದೆ. ಹಿಂದಿನಿಂದ ಧೊಪ್ ಅಂತು.

ಸದ್ದು ನಿಂತಿತ್ತು. ಕಾರು ನಿಂತಿರಲಿಲ್ಲ.

ಓಡಿದೆ. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದವರೆಲ್ಲ ತಿಪ್ಪೆ ಸುತ್ತ.

"ಅಯ್ಯೋ, ಒಂದ್ ವರ್ಸದ ಗೊಬ್ರ ಕಣ್ರೋ!" ಅಂತ ಪುಟ್ಟತಾಯಮ್ಮ.

"ಬ್ರೇಕು ಅಂತ ಆಕ್ಸಿಲೇಟ್ರು ತುಳುದ್ಬುಟ್ಟವ್ಳೆ" ಅಂತ ಚಂದ್ರೇಗೌಡ. "ನಮ್ಮನೇಳೂ ಕಲೀತೀನಿ ಅಂತ ಕುಣೀತಿದ್ಲು. ಕರ್ಕಬನ್ರಲಾ, ನೋಡ್ಲಿ."

ಸುಧಾ ಇಳಿದಳು. ಕಾಲಿಗೆ ಮೆತ್ತಿದ ಗೊಬ್ಬರ ಒದರಿದಳು. "ನಾನು ಬ್ರೇಕೇ ತುಳಿದಿದ್ದು. ಹಿಡೀಲಿಲ್ಲ."

"ಎಲ್ರೂ ಅಂಗೇ ಅನ್ನದು ಬುಡವ್ವ" ಅಂದ ಚಂದ್ರೇಗೌಡ.

ನಾನೇನು ಕಮ್ಮಿಯಾ? "ನಿಧಾನಕ್ಕೆ ಓಡ್ಸು ಅಂತ ಬಡ್ಕಂಡಿರ್ಲಿಲ್ವಾ" ಅಂದೆ. (ಬಡ್ಕಂಡಿರಲಿಲ್ಲ.)

ಲೋಕೇಶ ಟ್ರಾಕ್ಟರ್ ತಂದು ಕಾರು ಎಳೆದ. ಕೀ ಕಿತ್ತು ಶರ್ಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. "ಸಾಕು. ನಾಳಿಂದ ಬಸ್ಸಲ್ಲೇ ಓಗು. ಕಾರು ಮಾರಾದೇ."

ಬ್ರೇಕ್ ನೋಡೋಕೆ ಅವನಿಗೆ ಭಾನುವಾರ ಬೇಕಾಗಿತ್ತು. ಕೀ ಕಿತ್ತುಕೊಳ್ಳೋಕೆ ಸೋಮವಾರವೇ ಸಾಕಾಯಿತು.

ಮಧ್ಯಾಹ್ನ ಮಲ್ಲಿಪಟ್ಟಣದಿಂದ ಮೆಕ್ಯಾನಿಕ್ ನಯಾಜ್ ಬಂದ. ಸುಧಾ ಆಟೋ ಹತ್ತಿ ಸ್ಕೂಲಿಗೆ ಹೋಗಿದ್ದಳು. ಲೋಕೇಶ ಶುಂಠಿಗೆ ನೀರು ಬಿಡೋಕೆ ಹೋಗಿದ್ದ. ಇದ್ದವಳು ನಾನೊಬ್ಬಳೇ.

ನಯಾಜ್ ಚಕ್ರ ಬಿಚ್ಚಿದ. ಒಳಗೆ ಬೆರಳಾಡಿಸಿದ. ಮೂಸಿದ. "ಅಜ್ಜಿ, ಇದೇನು ಹರಳೆಣ್ಣೆ ವಾಸ್ನೆ?"

"ನಂಗೇನಪ್ಪ ಗೊತ್ತು?"

ಅವನು ಸಂದಿಯಿಂದ ಏನೋ ಎಳೆದು ಮೇಲೆತ್ತಿ ಹಿಡಿದ. ಕೋಳಿ ಪುಕ್ಕ. ಪುಕ್ಕ ನೋಡಿದ, ನನ್ನ ಸೆರಗಿನ ಎಣ್ಣೆ ಕಲೆ ನೋಡಿದ. ಬಾಯಿ ಮುಚ್ಚಿಕೊಂಡು ನಕ್ಕ.

"ಅಜ್ಜಿ, ಗಾಡಿ ಅಚ್ಚು ಜಾರ್ಬೇಕು. ಬ್ರೇಕು ಜಾರಬಾರ್ದು. ಈ ಪ್ಯಾಡು ಆ ತಟ್ಟೆನ ಗಟ್ಟಿಯಾಗಿ ಕಚ್ಕೊಂಡ್ರೇನೇ ಚಕ್ರ ನಿಲ್ಲೋದು. ಪ್ಯಾಡ್ ಸವ್ದೈತೆ, ಬದ್ಲಾಯ್ಸಿ ಅಂತ ಅದು ಕೂಗ್ತಿದ್ದಿದ್ದು."

ನಾನು ಸೆರಗಿನ ಕಲೆ ಒಳಕ್ಕೆ ಮಡಚಿಕೊಂಡೆ.

"ಬರ್ತಾ ತಿರುವಲ್ಲಿ ಟೈರ್ ಗುರುತು ನೋಡ್ದೆ, ನಿಮ್ ಸೊಸೆ ಭಾರೀ ಹುಷಾರು ಬಿಡಿ. ಹ್ಯಾಂಡ್‌ಬ್ರೇಕ್ ಎಳ್ದು ಹಿಂದಿನ ಚಕ್ರ ಹಿಡ್ದವ್ರೆ, ಬೇಕಂತಲೇ ತಿಪ್ಪೆ ಕಡೆ ತಿರುಗ್ಸವ್ರೆ. ನೆಟ್ಟಗೆ ಹೋಗಿದ್ರೆ ಎದುರಿಗೆ ಏನಿತ್ತು?"

ಎದುರಿಗೆ ಡೈರಿ ಕ್ಯೂ ಇತ್ತು. ಹಾಲು ಹಾಕೋ ಜನ, ಚಂದ್ರೇಗೌಡ, ಅಜ್ಜಿ ಸೊಂಟ ಹಿಡಕೊಂಡು ನಿಂತ ಒಂದು ಸಣ್ಣ ಹುಡುಗಿ, ಎಲ್ಲಾ.

ನಾನು ಜಗಲಿ ಮೇಲೆ ಕೂತೆ. ನೀರು ಕುಡಿದೆ.

ನಯಾಜ್ ತಟ್ಟೆ ತೊಳೆದ. ಹೊಸ ಪ್ಯಾಡ್ ಹಾಕಿದ. ಇಳಿಜಾರಿನಲ್ಲಿ ನಾಲ್ಕು ಸಲ ಓಡಿಸಿ ನಿಲ್ಲಿಸಿ ನೋಡಿದ. ಹೋಗುವಾಗ ಅಂದ, "ಪ್ಯಾಡ್ ಸವ್ದಿತ್ತು ಅಂತ ಮಾತ್ರ ಹೇಳ್ತೀನಿ. ಪುಕ್ಕದ ವಿಷ್ಯ ನಂಗೆ ಗೊತ್ತಿಲ್ಲ ಅಜ್ಜಿ."

ಒಳ್ಳೆಯವನು. ಅವನು ಹಂಗೆ ಅಂದದ್ದೇ ನನಗೆ ತೊಂದರೆಯಾಯಿತು. ನಿಜ ಹೇಳೋ ಕೆಲಸ ಈಗ ನನ್ನೊಬ್ಬಳದೇ.

ಹೇಳಿದೆನಾ? ಇಲ್ಲ. ಊರಿಗೆಲ್ಲ ಎಣ್ಣೆ ಕೊಟ್ಟು ಬುದ್ಧಿ ಹೇಳೋಳು ನಾನು. ಸೊಸೆಯ ಬ್ರೇಕಿಗೆ ಎಣ್ಣೆ ಬಿಟ್ಟವಳು ಅಂದರೆ ನಾಳೆ ಕೂಸಿನ ನೆತ್ತಿಗೆ ಯಾರು ಒಯ್ತಾರೆ? ಅತ್ತೆ ಬೇಕಂತಲೇ ಬಿಟ್ಟಳು ಅಂದರೆ? ಅನ್ನೋ ಬಾಯಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. (ಅವುಗಳಲ್ಲಿ ನನ್ನದೂ ಒಂದು.)

ಸಂಜೆ ಊಟಕ್ಕೆ ಕೂತಾಗ ಲೋಕೇಶ ಶುರು ಮಾಡಿದ. "ಪ್ಯಾಡ್ ಸವ್ದಿತ್ತಂತೆ. ಸವ್ದಿದ್ರೂ ಕೂಗ್ಕಂಡು ನಿಲ್ತಿತ್ತಲ್ಲ ಇಷ್ಟು ದಿನ? ಇವ್ಳೇ ಸರ್ಯಾಗಿ ತುಳುದಿಲ್ಲ. ಚನ್ನರಾಯಪಟ್ಣದ ಬ್ರೋಕರ್ ನಾಳೆ ಬತ್ತಾನೆ, ಕಾರು ನೋಡಕ್ಕೆ."

ಸುಧಾ ತಟ್ಟೆಯಿಂದ ತಲೆ ಎತ್ತಿದಳು. "ಅತ್ತೆ, ನೀವು ಬಾಗಿಲಲ್ಲಿ ನಿಂತು ನೋಡ್ತಿದ್ರಲ್ಲ. ನೀವೇ ಹೇಳಿ, ನಾನು ಜೋರಾಗಿ ಹೋಗ್ತಿದ್ನಾ?"

"ಮೊಸ್ರು ಆಕ್ಕೊ" ಅಂದೆ.

ಅವಳು ಮೊಸರು ಹಾಕಿಕೊಳ್ಳಲಿಲ್ಲ. ಎದ್ದು ಕೈ ತೊಳೆದಳು. ಬ್ಯಾಗಿನಲ್ಲಿ ಬಸ್ಸಿಗೆ ಅಂತ ಚಿಲ್ಲರೆ ಹಾಕಿಟ್ಟುಕೊಂಡಳು.

ಮಗ ಕೊಳಾಯಿಗೆ ಬನಿಯನ್ ಸುತ್ತಿದ. ನಾನು ಬ್ರೇಕಿಗೆ ಎಣ್ಣೆ ಬಿಟ್ಟೆ. ಇಬ್ಬರೂ ಮಾಡಿದ್ದು ಒಂದೇ, ಬಾಯಿ ಮುಚ್ಚಿಸಿದ್ದು. ಈಗ ಇವಳ ಬಾಯಿನೂ ಮುಚ್ಚಿಸಿದೆವು. ನಮ್ಮ ಮನೆಯಲ್ಲಿ ರಿಪೇರಿ ಅಂದರೆ ಇಷ್ಟೇನಾ?

ಮಾರನೇ ದಿನ ಬೆಳಿಗ್ಗೆ ಹಾಲಿನ ಕ್ಯಾನು ನಾನೇ ಎತ್ತಿಕೊಂಡೆ. ಸಾಮಾನ್ಯವಾಗಿ ಹಾಲು ಹಾಕೋಕೆ ಲೋಕೇಶ ಹೋಗೋದು. "ನೀನೂ ಬಾ" ಅಂದೆ. ಬಂದ. ಡೈರಿ ಪಕ್ಕದಲ್ಲೇ ಬಸ್‌ಸ್ಟಾಪು. ಸುಧಾ ಬ್ಯಾಗು ಹಿಡಿದು ನಿಂತಿದ್ದಳು. ಚಂದ್ರೇಗೌಡ ಕಟ್ಟೆ ಮೇಲಿದ್ದ.

ಕ್ಯಾನು ಕೆಳಗಿಟ್ಟೆ. ಕೂಗಿ ಹೇಳಿದೆ. "ಬ್ರೇಕಿಗೆ ಹರಳೆಣ್ಣೆ ಬಿಟ್ಟೋಳು ನಾನು. ಅವ್ಳು ಸರ್ಯಾಗೇ ತುಳುದವ್ಳೆ. ಇಲ್ಲಿ ನಿಂತಿದ್ದೋರ ಮ್ಯಾಲೆ ಬರಬಾರ್ದು ಅಂತ ತಿಪ್ಪೆಗೆ ನುಗ್ಸವ್ಳೆ. ನೀವು ಇವತ್ತು ಹಾಲ್ ಆಕ್ತಿರದು ಅವ್ಳಿಂದ."

ಮೊದಲು ಪುಟ್ಟತಾಯಮ್ಮ ನಗೋಕೆ ಶುರು ಮಾಡಿದಳು, ಅವಳ ಹಿಂದೆ ಎಲ್ಲರೂ. "ಬ್ರೇಕಿಗೆ ಎಣ್ಣೆ ಬುಟ್ಟವ್ಳಂತೆ!"

"ನಗ್ರಪ್ಪ. ನಕ್ಕಾದ್ಮೇಲೆ ಒಬ್ಬೊಬ್ರೇ ಹೇಳಿ, ನಿಮ್ ಟ್ರಾಕ್ಟರ್ ಬ್ರೇಕು ಯಾವತ್ತು ತೋರ್ಸಿದ್ದು?"

ನಗು ನಿಂತಿತು. ಚಂದ್ರೇಗೌಡ ಕಟ್ಟೆ ಇಳಿದು ಹಾಲು ಅಳೆಸೋಕೆ ಹೋದ. ಅವನ ಸರದಿ ಇನ್ನೂ ಬಂದಿರಲಿಲ್ಲ.

ಸುಧಾ ಮಾತ್ರ ನಗಲಿಲ್ಲ. ಹತ್ತಿರ ಬಂದಳು. "ಅತ್ತೆ, ನಾನು ಸತ್ತೋಗಿದ್ರೆ?"

"ತಪ್ಪಾಯ್ತು" ಅಂದೆ. ಆ ಮಾತು ನನ್ನ ಬಾಯಲ್ಲಿ ಅದೇ ಮೊದಲು ಬಂದದ್ದು, ಕೆಟ್ಟ ಕಷಾಯದ ಹಂಗಿತ್ತು.

ಮಗನ ಕಡೆ ತಿರುಗಿದೆ. "ಕೀ ಕೊಡು."

ಗುಂಡಿ ಬಿಚ್ಚಿ ನನ್ನ ಕೈಗೆ ಕೊಡೋಕೆ ಬಂದ. "ನಂಗಲ್ಲ ಕಣ್ಲಾ. ಅವ್ಳಿಗೆ."

"ಬ್ರೋಕರ್ ಬಂದ್ರೆ ಏನ್ ಹೇಳ್ಲವ್ವ?"

"ನಿನ್ ಟ್ರಾಕ್ಟರ್ ತೋರ್ಸು."

ಸುಧಾ ಕೀ ತಗೊಂಡು ಮನೆ ಕಡೆ ಹತ್ತಿದಳು. ಕಾರು ತಂದು ಡೈರಿ ಮುಂದೆ, ಜನರಿಂದ ಒಂದು ಮಾರು ದೂರದಲ್ಲಿ, ಸದ್ದಿಲ್ಲದೆ ನಿಲ್ಲಿಸಿದಳು. ಎಡಗಡೆ ಬಾಗಿಲು ತೆಗೆದು, "ಹತ್ತಿ ಅತ್ತೆ" ಅಂದಳು. ಕೇಳಿದ್ದಲ್ಲ, ಹೇಳಿದ್ದು. ಹತ್ತಿದೆ. ಬೆಲ್ಟು ಅವಳೇ ಎಳೆದು ಸಿಕ್ಕಿಸಿದಳು, ಸ್ವಲ್ಪ ಬಿಗಿಯಾಗಿಯೇ.

ಅರಕಲಗೂಡಿನ ತನಕ ತಿರುವು ಬಂದಾಗಲೆಲ್ಲ ಅವಳು ಬ್ರೇಕ್ ತುಳಿದಳು, ನಾನೂ ತುಳಿದೆ. ನನ್ನ ಕಾಲ ಕೆಳಗೆ ಇದ್ದದ್ದು ಬರೀ ಮ್ಯಾಟು.