ಕಾಲು ಹಿಡಿದ ಫ್ರಾನ್ಸಿನವನು

ಸುರಪುರದ ದೊಡ್ಡ ಮನೆಯೊಂದರಲ್ಲಿ ಬಾಣಂತನ ಮಾಡಿದ್ದಕ್ಕೆ ನಮ್ಮಜ್ಜಿಗೆ ಒಂದು ಪಿಂಗಾಣಿ ಡಬ್ಬಿ ಕೊಟ್ಟಿದ್ದರು. ಫ್ರಾನ್ಸಿನದು, ಒಡವೆ ಇಡುವಂಥದ್ದು. ಅಜ್ಜಿ ಅದನ್ನು ಅವ್ವನಿಗೆ ಕೊಟ್ಟಳು. ಅವ್ವನ ಮೂಗುತಿ, ಬೆಂಡೋಲೆ ಅದರಲ್ಲೇ ಇರುತ್ತಿದ್ದವು. ಅಂಚಿಗೆ ಬಂಗಾರದ ಗೆರೆ. ಮುಚ್ಚಳದ ಮೇಲೆ ಗುಲಾಬಿ ಬಳ್ಳಿಯ ನಡುವೆ ಕುರ್ಚಿಯಲ್ಲಿ ಕೂತ ಹೆಂಗಸು, ಮಂಡಿಯೂರಿ ಅವಳ ಕಾಲು ಹಿಡಿದ ಗಂಡಸು.

ಕೆನಾಲಿಗೆ ನೀರು ಬಿಟ್ಟ ಮೊದಲ ವರ್ಷ ಶಹಾಪುರದ ನಮ್ಮ ಕಡೆ ನೀರಿಗಾಗಿ ಹೊಲಹೊಲಕ್ಕೂ ಬಡಿದಾಟ. ಒಂದು ಮುಂಜಾನೆ ಮೇಲಿನ ಹೊಲದವರು ಅಪ್ಪನನ್ನು ಸಲಿಕೆಯ ಕಾವಿನಿಂದ ಬಡಿದು, ಅವನಿಂದ ತಮ್ಮ ಕಾಲು ಹಿಡಿಸಿಕೊಂಡೇ ನಮ್ಮ ಹೊಲಕ್ಕೆ ನೀರು ಬಿಟ್ಟರು. ಊರೆಲ್ಲ ನೋಡಿತು. ನಾನೂ ನೋಡಿದೆ.

ಮನೆಗೆ ಓಡಿ ಬಂದು ಡಬ್ಬಿ ಎತ್ತಿ ತೋರಿಸಿದೆ. "ಅವ್ವಾ, ಇಲ್ಲಿ ನೋಡು, ಇವನೂ ನೀರು ಕೇಳಾಕತ್ತಾನ." ಏಳು ವರ್ಷದವಳು, ಖರೇನೇ ಹಂಗ ತಿಳಿದಿದ್ದೆ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಡಬ್ಬಿ ಕಸಿದುಕೊಂಡು ಅವ್ವನ ಮುಖಕ್ಕೇ ಬೀಸಿ ಒಗೆದ. "ಮಗಳಿಗೆ ಇದನ್ನ ಕಲಿಸೀಯೇನು?" ಹುಬ್ಬು ಸೀಳಿ ರಕ್ತ ಸುರಿಯುತ್ತಿದ್ದರೂ ಜಡೆ ಹಿಡಿದು ಒದ್ದ. ಅಂದವಳು ನಾನು. ನನಗೆ ಒಂದೇಟೂ ಬೀಳಲಿಲ್ಲ.

ಅವ್ವ ಅಳಲಿಲ್ಲ. ಒಡೆದ ಡಬ್ಬಿಯ ಚೂರು ಆರಿಸಿ, ಮಂಡಿಯೂರಿದ ಗಂಡಸಿದ್ದ ತುಂಡನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು. "ಇದನ್ನ ಮುಟ್ಟಿದವರ ಕೈ ಕಡೀತೀನಿ," ಅಂದಳು. ಕುಡುಗೋಲು ಕೈಯಲ್ಲೇ ಇತ್ತು.

ಆ ಚಿತ್ರದ ಗಂಡಸು ಕುರ್ಚಿಯಲ್ಲಿ ಕೂತ ಹೆಂಗಸಿಗೆ ಚಪ್ಪಲಿ ತೊಡಿಸುತ್ತಿದ್ದ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವ್ವ ಮಾತ್ರ ಅಪ್ಪನ ಊಟದ ತಾಟನ್ನು ದಿನಾ ಗೂಡಿನಲ್ಲಿದ್ದ ಆ ತುಂಡಿನ ಎದುರಿಗೇ ಇಟ್ಟಳು, ಅವನು ಸಾಯುವ ತನಕ.