ಭಜಿ ಸುತ್ತಿದ ಪಾಠ

ಕೋವಿಡ್ ಕಳೆದು ಶಾಲೆಗಳು ಮತ್ತೆ ಪೂರ್ತಿ ತೆರೆದ ವರ್ಷ. ಶಾಲಾ ಗೈಡ್‌ಗಳನ್ನು ಅಚ್ಚು ಹಾಕುವ ಪ್ರಕಾಶನವೊಂದರ ಹುಮನಾಬಾದ್ ಗೋದಾಮಿಗೆ ನಾನು ಮ್ಯಾನೇಜರ್. ಪಠ್ಯಕ್ರಮ ಬದಲಾದಾಗ ನಮ್ಮ ತಯಾರಿ ಸರಳವಾಗಿತ್ತು. ಹೊಸ ಪಾಠಗಳಿಗೆ ಪುರವಣಿ ಅಚ್ಚು ಹಾಕುವುದು, ಕೈಬಿಟ್ಟ ಪಾಠದ ಹಾಳೆಗಳನ್ನು ಹಳೆಯ ಪ್ರತಿಗಳಿಂದ ಬ್ಲೇಡಿನಲ್ಲಿ ಕೊಯ್ದು ತೆಗೆಯುವುದು, ಮುಖಪುಟಕ್ಕೆ ‘ಪರಿಷ್ಕೃತ’ ಎಂಬ ಸ್ಟಿಕ್ಕರ್ ಅಂಟಿಸುವುದು. ಕೊಯ್ದದ್ದು ರದ್ದಿಗೆ.

ಆ ಸಲ ಕನ್ನಡದಲ್ಲಿ ಹೋದದ್ದು ಒಂದು ಬಾವಿಯ ಪಾಠ. ಹೊರಕೇರಿಯ ಹೆಂಗಸೊಬ್ಬಳು ಊರ ಬಾವಿಗೆ ಮೊದಲ ಸಲ ಕೊಡ ಇಳಿಸುವ ಕಥೆ. ಮಕ್ಕಳ ಹೊರೆ ತಗ್ಗಿಸಲು ಎಂದಿತ್ತು ಸುತ್ತೋಲೆ. ಬಸವಕಲ್ಯಾಣದ ನಮ್ಮ ಡೀಲರ್ ಶಿವರಾಜ ತನ್ನ ಅಂಗಡಿಯಲ್ಲೇ ಕೊಯ್ದ. ಹಾಳೆಗಳನ್ನು ಎಂದಿನಂತೆ ಎದುರಿನ ಭಜಿ ಬಂಡಿಗೆ ಕೊಟ್ಟ.

ಸ್ಟಿಕ್ಕರ್ ನೋಡಲು ನಾನು ಹೋಗಿದ್ದ ದಿನ ಮುಡಬಿಯ ಕೂಲಿಕಾರ ಮಾರುತಿ ಮಗಳ ಗೈಡ್ ಹಿಡಿದು ಬಂದ. ಹೊಲಿಗೆಯಲ್ಲಿ ಕೊಯ್ದ ಹಾಳೆಗಳ ಅಂಚು ಉಳಿದಿತ್ತು. “ಇದ್ಯಾಕ್ರಿ ಹಿಂಗ?” ಎಂದು ಮೆಲ್ಲಗೇ ಕೇಳಿದ. ಗಿರಾಕಿಗಳ ಗದ್ದಲದಲ್ಲಿದ್ದ ಶಿವರಾಜ, “ಜರಾ ನಿಂತ್ ಬಾರಪಾ, ಭಜಿ ತಿಂದ್ ಬಾ,” ಎಂದ.

ಮಾರುತಿ ತಿಂದು ಬಂದ. ಕೈಯಲ್ಲಿ ಎಣ್ಣೆ ಹಾಳೆ, ಅದರಲ್ಲಿ ಬಾವಿಯ ಚಿತ್ರ. ಬೆನ್ನಿಗೆ ಬಂಡಿಯ ಬಳಿ ಸೇರಿದ್ದ ಅವನ ಕೇರಿಯ ಜನ.

“ನಮ್ಮವ್ವ ಹಿಂಗೇ ನಿಂತಾಕಿ ಬಾವಿ ಮ್ಯಾಗ. ಅಕಿನ್ನ ಎಣ್ಣ್ಯಾಗ ಅದ್ದಿ ಕೊಟ್ಟಿಯೇನಲೇ?”

“ಮ್ಯಾಲಿಂದ ಆರ್ಡರ್ ಬಂದದಪಾ...”

“ಕೊಯ್ದ ಕೈ ಯಾರ್ದು?”

ಶಿವರಾಜನ ತಲೆಯನ್ನು ಕೌಂಟರಿಗೆ ಬಡಿದರು. ಮೂಗಿನ ರಕ್ತ ಸ್ಟಿಕ್ಕರ್‌ಗಳ ಮೇಲೆ ಹರಿಯಿತು. ಮೊದಲು ಕಲ್ಲು ಬಿತ್ತೋ ಗಾಜು ಒಡೆಯಿತೋ, ಪೊಲೀಸರಿಗೆ ಒಂದು ಹೇಳಿದೆ, ಹೆಡ್ ಆಫೀಸಿಗೆ ಇನ್ನೊಂದು ಬರೆದೆ. ಎರಡೂ ಬಹಳ ಅಚ್ಚುಕಟ್ಟಾಗಿವೆ, ಅದಕ್ಕೇ ಎರಡನ್ನೂ ನಂಬುವುದಿಲ್ಲ. ಶಿವರಾಜನ ಬಲಗೈಯನ್ನು ಹೊಸ್ತಿಲ ಮೇಲೆ, ಶಟರ್‌ನ ಕೆಳಗೆ ಒತ್ತಿ ಹಿಡಿದದ್ದು ಮಾತ್ರ ಖಚಿತ. ಮಾರುತಿ ಎಣ್ಣೆ ಹಾಳೆಯನ್ನು ನನ್ನ ಮುಖಕ್ಕೆ ಹಿಡಿದ.

“ಓದು. ಎಲ್ಲಾರಿಗೂ ಕೇಳ್ಬೇಕು.”

ಓದಿದೆ. ಕಥೆಯ ಹೆಂಗಸು ಬಾವಿಗೆ ಹಗ್ಗ ಬಿಡುತ್ತಾಳೆ, ಹಿಂದಿನಿಂದ ಒಬ್ಬ ಕೋಲು ಎತ್ತುತ್ತಾನೆ. ಹಾಳೆ ಅಲ್ಲಿಗೆ ಮುಗಿದಿತ್ತು.

“ಮುಂದ?”

ಗೋದಾಮಿಗೆ ಬರುವ ಮೊದಲು ಗೈಡ್‌ನಲ್ಲಿ ಆ ಪಾಠದ ಕರಡು ತಿದ್ದಿದವನು ನಾನೇ. ಒಂದು ಸಾಲೂ ನೆನಪಿಗೆ ಬರಲಿಲ್ಲ.

“ಹೇಳ್ರಿ ಸಾಹೇಬ್ರ, ಏನರೆ ಹೇಳ್ರಿ!” ಶಿವರಾಜ ಕೆಳಗಿನಿಂದ ಚೀರಿದ.

“ಮುಂದಿನ ಹಾಳಿ ಇಲ್ರಿ,” ಎಂದೆ.

ಶಟರ್ ಬಿತ್ತು. ಎಳೆದವನು ಮಾರುತಿ ಎಂದು ಹೇಳಿಕೆ ಕೊಟ್ಟಿದ್ದೇನೆ. ಈಗ ಕಣ್ಣಿಗೆ ಬರುವ ಕೈಗಳು ಬಹಳ, ಮುಖ ಒಂದೂ ಇಲ್ಲ.

ಶಿವರಾಜನ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕಂಡು, “ಇನ್ನ ಕೊಯ್ಯೋ ಕೆಲ್ಸಕ್ಕ ಬ್ಯಾರೆಯವ್ರನ್ನ ನೋಡ್ರಿ ಸಾಹೇಬ್ರ,” ಎಂದು ನಗಲು ನೋಡಿದ, ತುಟಿಯ ಹೊಲಿಗೆ ಬಿಡಲಿಲ್ಲ.

ಈಗ ನಾವು ಬದಲಾಗಬಹುದಾದ ಪಾಠಗಳನ್ನು ಬೇರೆ ಕಿರುಪುಸ್ತಕವಾಗಿಯೇ ಅಚ್ಚು ಹಾಕುತ್ತೇವೆ. ಕೈಬಿಟ್ಟರೂ ಕೊಯ್ಯುವುದಿಲ್ಲ, ಕೇಳಿದವರಿಗೆ ಕೊಡುತ್ತೇವೆ. ಹೊಸ ಪಠ್ಯಕ್ರಮದ ಸಭೆಯಲ್ಲಿ ಎಲ್ಲರೂ ಏನು ಸೇರುತ್ತದೆ ಎಂದು ಕೇಳುತ್ತಾರೆ. ತೆಗೆದ ಹಾಳೆ ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿತು.

ಕೊನೆಯ ಹಾಳೆಯನ್ನು ಆಮೇಲೆ ಗೋದಾಮಿನಲ್ಲಿ ಹುಡುಕಿ ಓದಿದೆ. ಅದರಲ್ಲಿ ಕೋಲು ಎತ್ತಿದವನು ಹೊಡೆಯುವುದಿಲ್ಲ. ಕೋಲು ಕೆಳಗಿಟ್ಟು, ಅವಳ ಜೊತೆ ಹಗ್ಗಕ್ಕೆ ಕೈ ಹಾಕುತ್ತಾನೆ.