ಹಳೇ ಪ್ರೊಜೆಕ್ಟರಿನವರು

ಚನ್ನರಾಯಪಟ್ಟಣದ ರೇಡಿಯೋ ರಿಪೇರಿಯವರೊಬ್ಬರು ಮನೆಯಲ್ಲಿ ಸಿನಿಮಾ ತೋರಿಸುವ ಹಳೇ ಪ್ರೊಜೆಕ್ಟರುಗಳನ್ನು ಕೂಡಿಡುತ್ತಿದ್ದರು. ಹೆಸರು ಅಳಿಸಿಹೋಗಿದ್ದರೂ ಹಲ್ಲುಚಕ್ರ ಸವರಿ ಯಾವ ಕಂಪನಿಯದೆಂದು ಹೇಳುತ್ತಿದ್ದರು. ಏನು ಕೇಳಿದರೂ ಮೊದಲು "ತಾಳಿ ಸಾ" ಅನ್ನೋರು.

ಅಮ್ಮ ಇರುವ ಒಂದೇ ರೀಲನ್ನು ಅವರಿಗೆ ಕೊಟ್ಟೆ. ನಾನು ಮೂರು ವರ್ಷದವನಿದ್ದಾಗ ತೀರಿಕೊಂಡ ಅಮ್ಮ ನಡೆದಾಡಿದ್ದು ನನಗೆ ನೆನಪಿಲ್ಲ.

ಅವರು ರೀಲು ಮೂಸಿದರು. "ತಾಳಿ ಸಾ. ಹುಳಿ ವಾಸ್ನೆ ಬತ್ತದೆ, ಫಿಲಮ್ಮು ಮುದುರ್ಕಂಡದೆ. ಸಿಕ್ಕಾಕ್ಕಂಡ್ರೆ ಬಲ್ಬಿನ ಕಾವಿಗೆ ಸುಟ್ಟೋಯ್ತದೆ. ಓಡಿಸ್ಲಾ?"

ಹೂಂ ಅಂದೆ.

ಗೋಡೆಯ ಮೇಲೆ ಅಮ್ಮ ನಡೆದುಬಂದಳು. ಥಟ್ಟನೆ ನಿಂತಳು, ಸೆರಗಿನ ಮೇಲೆ ಕಂದು ಕಲೆ ಹರಡತೊಡಗಿತು. ಅವರು ಆ ಬಿಸಿಗೇ ಬೆರಳು ಹಾಕಿ ಫಿಲಮ್ಮು ಬಿಡಿಸಿದರು. ಅಮ್ಮ ಮುಂದೆ ಬಂದು ನಕ್ಕಳು.

ರೀಲು ಮುಗಿದ ಮೇಲೆ, ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ ಕೇಳಿದರು: "ಎಂಗಿದ್ರು ಸಾ, ನಿಮ್ಮ ತಾಯಿ?"

ಕೊನೆಯವರೆಗೂ ಓಡುವ ಫಿಲಮ್ಮಿನ ಮೇಲೇ ಕಣ್ಣಿಟ್ಟಿದ್ದ ಅವರು ಒಮ್ಮೆಯೂ ಗೋಡೆ ನೋಡಿರಲಿಲ್ಲ.